ಕಿಡ್ನಿ ಅಪಾಯ ಓದಲು ಎಪಿಕ್ ಚಿಪ್ (ವರ್ಷನ್ 2): ಸಂಶೋಧನೆಗೆ ಸೈ, ರೋಗಿಯ ರಿಪೋರ್ಟಿಗೆ ಇನ್ನೂ ಬೇಡ

ಇಲ್ಯುಮಿನಾ ಕಂಪನಿಯ ಇನ್ಫಿನಿಯಂ ಮಿಥೈಲೇಷನ್ ಎಪಿಕ್ ಚಿಪ್‌ನ ಎರಡನೇ ವರ್ಷನ್ನನ್ನು ಇಲ್ಲಿ ಒಂದೇ ಕೆಲಸದ ಮಟ್ಟಿಗೆ ನೋಡಿದ್ದೇವೆ. ರಕ್ತದಲ್ಲಿನ ಡಿಎನ್‌ಎ ಮೇಲಿರುವ ಮಿಥೈಲ್ ಗುರುತುಗಳನ್ನು (ಡಿಎನ್‌ಎಗೆ ಅಂಟಿಕೊಳ್ಳುವ ಸಣ್ಣ ರಾಸಾಯನಿಕ ತುಣುಕುಗಳನ್ನು) ಓದಿ, ಯಾರಿಗೆ ಮುಂದೆ ದೀರ್ಘಕಾಲದ ಕಿಡ್ನಿ ಕಾಯಿಲೆ ಬರಬಹುದು, ಬಂದವರಲ್ಲಿ ಯಾರ ಕಿಡ್ನಿ ಬೇಗ ಕುಗ್ಗಬಹುದು ಎಂದು ಹೇಳಲು ಇದು ಎಷ್ಟರ ಮಟ್ಟಿಗೆ ಆಗಿಬರುತ್ತದೆ? ಕ್ಯಾನ್ಸರ್‌ಗೂ ವಯಸ್ಸಿನ ಲೆಕ್ಕಕ್ಕೂ ಇದೇ ಚಿಪ್ ಬಳಸುತ್ತಾರೆ, ಆ ವಿಷಯ ಇಲ್ಲಿಲ್ಲ.

ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇವೆ. ನೂರಾರು ಜನರನ್ನು ವರ್ಷಗಟ್ಟಲೆ ಹಿಂಬಾಲಿಸುವ ಅಧ್ಯಯನಕ್ಕೆ ಇದಕ್ಕಿಂತ ನೆಚ್ಚಿಕೊಳ್ಳಬಹುದಾದ ಸಾಧನ ಈ ಬೆಲೆಯಲ್ಲಿ ಸಿಗುವುದು ಕಷ್ಟ. ಆದರೆ ಎದುರಿಗೆ ಕೂತ ಒಬ್ಬ ಸಕ್ಕರೆ ಕಾಯಿಲೆಯವರಿಗೆ "ನಿಮ್ಮ ಕಿಡ್ನಿ ಅಪಾಯ ಇಷ್ಟು" ಎಂದು ಬರೆದುಕೊಡುವ ಹಂತಕ್ಕೆ ಇದು ಬಂದಿಲ್ಲ. ಚಿಪ್ ಕೆಟ್ಟದ್ದೆಂದು ಹೀಗೆ ಹೇಳುತ್ತಿಲ್ಲ. ಅದು ಓದುವುದು ರಕ್ತದ ಬಿಳಿ ಕಣಗಳನ್ನು, ನಮಗೆ ಬೇಕಿರುವುದು ಕಿಡ್ನಿಯ ಸುದ್ದಿ. ತೊಡಕು ಅಲ್ಲಿದೆ.

ಚಿಪ್ ಅಳೆಯುವುದೇನು

ಡಿಎನ್‌ಎಯಲ್ಲಿ ಸಿ ಅಕ್ಷರದ ಮುಂದೆಯೇ ಜಿ ಬರುವ ಜಾಗಕ್ಕೆ ಸಿಪಿಜಿ ಎನ್ನುತ್ತಾರೆ. ಮನುಷ್ಯನ ಜೀನೋಮಿನಲ್ಲಿ ಇಂಥವು ಸುಮಾರು 2.8 ಕೋಟಿ. ಎಪಿಕ್ ವರ್ಷನ್ 2 ಅದರಲ್ಲಿ 9.3 ಲಕ್ಷದಷ್ಟನ್ನು ಓದುತ್ತದೆ, ಅಂದರೆ ನೂರಕ್ಕೆ ಮೂರು ಚಿಲ್ಲರೆ. 2011ರ 450ಕೆ ಚಿಪ್ 4.85 ಲಕ್ಷ ಓದುತ್ತಿತ್ತು, ಒಂದು ಚಿಪ್ ಮೇಲೆ 12 ಸ್ಯಾಂಪಲ್ ಹಿಡಿಯುತ್ತಿತ್ತು. ಎಪಿಕ್‌ನ ಎರಡೂ ವರ್ಷನ್‌ಗಳಲ್ಲಿ ಹಿಡಿಯುವುದು 8. ಫಲಿತಾಂಶ ಬೀಟಾ ಎಂಬ ಸಂಖ್ಯೆಯಾಗಿ ಬರುತ್ತದೆ, 0ರಿಂದ 1ರ ಒಳಗೆ. 0.62 ಬಂದರೆ ಆ ಜಾಗದ ಪ್ರತಿಗಳಲ್ಲಿ ನೂರಕ್ಕೆ 62ಕ್ಕೆ ಮಿಥೈಲ್ ಅಂಟಿದೆ ಎಂದು ಅರ್ಥ. ಕಿಡ್ನಿ ವಿಷಯದಲ್ಲಿ ಕಾಯಿಲೆ ಇರುವವರಿಗೂ ಇಲ್ಲದವರಿಗೂ ಸಿಗುವ ವ್ಯತ್ಯಾಸ ಸಾಮಾನ್ಯವಾಗಿ ನೂರಕ್ಕೆ ಒಂದೆರಡರಷ್ಟು ಮಾತ್ರ. ಲ್ಯಾಬಿನಲ್ಲಿ ಆಗುವ ಸಣ್ಣ ಎಡವಟ್ಟು ಕೂಡ ಅಷ್ಟೇ ದೊಡ್ಡದಾಗಿರುತ್ತದೆ. ಮುಂದೆ ಲ್ಯಾಬ್ ಕೆಲಸದ ಬಗ್ಗೆ ಇಷ್ಟೊಂದು ಬರೆದಿರುವುದಕ್ಕೆ ಇದೇ ಕಾರಣ.

ಕಿಡ್ನಿಗೆ ಸಂಬಂಧಿಸಿದ ಸಾಕ್ಷ್ಯ

ನೆಲೆ ಗಟ್ಟಿಯಾಗಿಯೇ ಇದೆ. 2017ರಲ್ಲಿ ನೇಚರ್ ಕಮ್ಯುನಿಕೇಷನ್ಸ್ ಪತ್ರಿಕೆಯಲ್ಲಿ ಅಮೆರಿಕದ ಆರಿಕ್ ಅಧ್ಯಯನದ 2,264 ಮಂದಿ ಮತ್ತು ಫ್ರೇಮಿಂಗ್‌ಹ್ಯಾಮ್ ಅಧ್ಯಯನದ 2,595 ಮಂದಿಯ ರಕ್ತದ ವಿಶ್ಲೇಷಣೆ ಬಂತು. ಕಿಡ್ನಿಯ ಸೋಸುವ ಶಕ್ತಿಯ ಅಂದಾಜು, ಅಂದರೆ ಇಜಿಎಫ್‌ಆರ್ ಜತೆ ಅಥವಾ ಕಿಡ್ನಿ ಕಾಯಿಲೆಯ ಜತೆ ನಂಟಿರುವ 19 ಸಿಪಿಜಿಗಳು ಎರಡೂ ಕಡೆ ಮತ್ತೆ ಸಿಕ್ಕವು. ಅವುಗಳಲ್ಲಿ ಐದಕ್ಕೆ ಕಿಡ್ನಿ ಬಯಾಪ್ಸಿಯಲ್ಲಿ ಕಾಣುವ ನಾರುಗಟ್ಟುವಿಕೆಯ ಜತೆಗೂ ಸಂಬಂಧ ಇತ್ತು. ಪಿಟಿಪಿಎನ್6, ಎಎನ್‌ಕೆಆರ್‌ಡಿ11, ಟಿಎನ್‌ಆರ್‌ಸಿ18 ಜೀನುಗಳ ಹೆಸರು ಕಿಡ್ನಿ ವಲಯದಲ್ಲಿ ಓಡಾಡತೊಡಗಿದ್ದು ಆಗಿನಿಂದ. 2021ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿದ, ಇದಕ್ಕಿಂತ ಎಷ್ಟೋ ದೊಡ್ಡ ಕೂಡುವಿಶ್ಲೇಷಣೆ ಬಂತು. ಇಜಿಎಫ್‌ಆರ್‌ಗೆ 33,605 ಜನ, ಮೂತ್ರದ ಆಲ್ಬುಮಿನ್-ಕ್ರಿಯೇಟಿನಿನ್ ಅನುಪಾತಕ್ಕೆ (ಮೂತ್ರದಲ್ಲಿ ಎಷ್ಟು ಪ್ರೋಟೀನ್ ಸೋರುತ್ತಿದೆ ಎಂಬ ಅಳತೆಗೆ) 15,068 ಜನ. ಮೊದಲನೆಯದಕ್ಕೆ 69 ಸಿಪಿಜಿ, ಎರಡನೆಯದಕ್ಕೆ ಬರೀ 7. ಜೆಎಝಡ್‌ಎಫ್1, ಪಿಇಎಲ್‌ಐ1, ಸಿಎಚ್‌ಡಿ2 ಜೀನುಗಳ ಬಳಿಯ ಗುರುತುಗಳು ಕಿಡ್ನಿ ಅಂಗಾಂಶದಲ್ಲೂ ಹೊಂದಿಕೆಯಾದವು.

ಈ ಎರಡೂ ಅಧ್ಯಯನಗಳಲ್ಲಿ ನೋಡಿದ್ದು ಹೆಚ್ಚಾಗಿ ಈಗಿನ ರಕ್ತ, ಈಗಿನ ಕಿಡ್ನಿ. ಮುನ್ಸೂಚನೆ ಬೇಕಾದವರು 2023ರ ಹಾಂಗ್‌ಕಾಂಗ್ ಅಧ್ಯಯನವನ್ನು ಓದಬೇಕು. ಟೈಪ್ 2 ಡಯಾಬಿಟಿಸ್ ಇರುವ 1,271 ಮಂದಿಯಲ್ಲಿ ಮೊದಲ ದಿನದ ಇಜಿಎಫ್‌ಆರ್‌ಗೆ 40 ಸಿಪಿಜಿ ಸಿಕ್ಕವು, ಆಮೇಲಿನ ಇಳಿತದ ವೇಗಕ್ಕೆ ಸಿಕ್ಕಿದ್ದು 8. ಹಲವು ಸಿಪಿಜಿ ಸೇರಿಸಿ ಕಟ್ಟಿದ ಮಾದರಿಯಲ್ಲಿ ಇಳಿತಕ್ಕೆ 37 ಜಾಗ ಆರಿಸಿಕೊಂಡು, ಅಮೆರಿಕದ ಮೂಲನಿವಾಸಿ ಡಯಾಬಿಟಿಸ್ ರೋಗಿಗಳಲ್ಲಿ ಮತ್ತೆ ಪರೀಕ್ಷಿಸಿದರು. 40 ಎಲ್ಲಿ, 8 ಎಲ್ಲಿ. ಈಗಿನ ಸ್ಥಿತಿ ಓದುವುದು ಸುಲಭ, ಮುಂದಿನ ಇಳಿತ ಓದುವುದು ಕಷ್ಟ ಎಂಬುದು ಈ ಎರಡು ಸಂಖ್ಯೆಗಳಲ್ಲೇ ಕಾಣುತ್ತದೆ.

ಇಷ್ಟಾದರೂ ಈ ದಾರಿ ಬಿಡಬಾರದು ಅನ್ನಿಸುವುದಕ್ಕೆ ಒಂದು ಬಲವಾದ ಕಾರಣವಿದೆ. 1983ರಿಂದ 1993ರವರೆಗೆ ನಡೆದ ಡಿಸಿಸಿಟಿ ಪ್ರಯೋಗದಲ್ಲಿ ಟೈಪ್ 1 ಡಯಾಬಿಟಿಸ್ ಇರುವ 1,441 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ಸಕ್ಕರೆಯ ಬಿಗಿ ಹತೋಟಿ, ಇನ್ನೊಂದಕ್ಕೆ ಆಗಿನ ಮಾಮೂಲಿ ಚಿಕಿತ್ಸೆ ಕೊಟ್ಟರು. ಪ್ರಯೋಗ ಮುಗಿದ ಕೆಲ ವರ್ಷಗಳಲ್ಲಿ ಎರಡೂ ಗುಂಪಿನ ಎಚ್‌ಬಿಎ1ಸಿ, ಅಂದರೆ ರಕ್ತದ ಸಕ್ಕರೆಯ ಸರಾಸರಿಯ ಅಳತೆ, ಒಂದೇ ಮಟ್ಟಕ್ಕೆ ಬಂತು. ಆದರೂ ಹಳೇ ಮಾಮೂಲಿ ಗುಂಪಿನವರಲ್ಲಿ ಕಣ್ಣು, ಕಿಡ್ನಿಯ ತೊಂದರೆ ಹೆಚ್ಚಾಗುತ್ತಲೇ ಹೋಯಿತು. 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅವರ ರಕ್ತ ನೋಡಿದಾಗ ಟಿಎಕ್ಸ್‌ಎನ್‌ಐಪಿ ಜೀನಿನ ಮೇಲಿನ ಮಿಥೈಲ್ ಕೊರತೆ 16-17 ವರ್ಷ ಕಳೆದರೂ ಹಾಗೇ ಉಳಿದಿತ್ತು. ಎಚ್‌ಬಿಎ1ಸಿ ಮೂರು ತಿಂಗಳ ಲೆಕ್ಕ ಕೊಡುತ್ತದೆ. ಅದಕ್ಕೂ ಹಿಂದಿನ ವರ್ಷಗಳ ಸಕ್ಕರೆಯ ಲೆಕ್ಕ ಕೇಳಿದರೆ ಉತ್ತರ ಕೊಡಬಲ್ಲ ಕೆಲವೇ ಗುರುತುಗಳಲ್ಲಿ ಇದೊಂದು.

ರಕ್ತ ತೆಗೆಯುವಲ್ಲೇ ಶುರುವಾಗುವ ತಪ್ಪು

ಕೆಂಪು ರಕ್ತಕಣದಲ್ಲಿ ನ್ಯೂಕ್ಲಿಯಸ್ ಇಲ್ಲ, ಹಾಗಾಗಿ ಚಿಪ್‌ಗೆ ಹೋಗುವ ಡಿಎನ್‌ಎ ಬಿಳಿ ಕಣಗಳದ್ದು. ನ್ಯೂಟ್ರೋಫಿಲ್, ಲಿಂಫೋಸೈಟ್, ಮೋನೋಸೈಟ್ ಒಂದೊಂದರ ಮಿಥೈಲ್ ಮಾದರಿಯೂ ಬೇರೆ. ಕಿಡ್ನಿ ಕಾಯಿಲೆ ಮುಂದುವರಿದವರಲ್ಲಿ ಲಿಂಫೋಸೈಟ್ ಕಡಿಮೆಯಾಗಿ ನ್ಯೂಟ್ರೋಫಿಲ್ ಪಾಲು ಏರುತ್ತದೆ. ಇದನ್ನು ಲೆಕ್ಕದಲ್ಲಿ ಸರಿಪಡಿಸದಿದ್ದರೆ ನಿಮಗೆ ಸಿಗುವ "ಕಿಡ್ನಿ ಗುರುತು" ಬರೀ ಕಣಗಳ ಎಣಿಕೆ. ಅದಕ್ಕೆ ಚಿಪ್ ಏಕೆ, ಮಾಮೂಲಿ ಸಿಬಿಸಿ (ರಕ್ತಕಣಗಳನ್ನು ಎಣಿಸುವ ಪರೀಕ್ಷೆ) ಸಾಕು. 2012ರ ಹೌಸ್‌ಮನ್ ವಿಧಾನ ಚಿಪ್ ದತ್ತಾಂಶದಿಂದಲೇ ಕಣಗಳ ಪಾಲು ಅಂದಾಜು ಮಾಡುತ್ತದೆ, ಈಗ ಅದರ ವಿಸ್ತರಿಸಿದ ರೂಪಗಳೂ ಇವೆ. ಆದರೂ ಅದೇ ರಕ್ತದ ಸಿಬಿಸಿ ಡಿಫರೆನ್ಶಿಯಲ್ (ಬಿಳಿ ಕಣಗಳ ಬಗೆವಾರು ಎಣಿಕೆ) ಮಾಡಿಸಿ ಪಕ್ಕದಲ್ಲಿಟ್ಟುಕೊಳ್ಳಿ. ಎರಡೂ ತಾಳೆಯಾಗದಿದ್ದರೆ ಆ ಸ್ಯಾಂಪಲ್‌ನಲ್ಲಿ ಏನೋ ಹೆಚ್ಚುಕಡಿಮೆಯಾಗಿದೆ.

ನೆಫ್ರೋಟಿಕ್ ಸಿಂಡ್ರೋಮ್‌ಗೆ (ಮೂತ್ರದಲ್ಲಿ ಪ್ರೋಟೀನ್ ಸೋರುವ ಕಿಡ್ನಿ ತೊಂದರೆಗೆ) ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವವರನ್ನು ಪ್ರತ್ಯೇಕ ಗುರುತಿಸಿ. ಸ್ಟೀರಾಯ್ಡ್ ಬಿಳಿ ಕಣಗಳ ಪಾಲನ್ನೂ ಬದಲಿಸುತ್ತದೆ, ಎಫ್‌ಕೆಬಿಪಿ5ನಂಥ ಜೀನುಗಳ ಮಿಥೈಲನ್ನೂ ಬದಲಿಸುತ್ತದೆ. ಜ್ವರ, ಸೋಂಕು ಇದ್ದ ದಿನ ರಕ್ತ ಬೇಡ. ಡಯಾಲಿಸಿಸ್ ರೋಗಿಗಳದ್ದು ಯಂತ್ರಕ್ಕೆ ಹಾಕುವ ಮೊದಲೇ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಕೊಡುವ ಮೊದಲೇ ತೆಗೆಯಬೇಕು. ಹೆಪಾರಿನ್ ಡಿಎನ್‌ಎ ಜತೆ ಉಳಿದುಕೊಂಡು ಮುಂದೆ ಪ್ರತಿಗಳ ವೃದ್ಧಿಯನ್ನು ತಡೆಯುತ್ತದೆ. ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬ್ ಬಳಸಬಾರದು ಎನ್ನುವುದೂ ಇದಕ್ಕೇ. ನೇರಳೆ ಮುಚ್ಚಳದ ಇಡಿಟಿಎ ಟ್ಯೂಬ್, ಎಂಟು-ಹತ್ತು ಸಲ ನಿಧಾನ ತಿರುವಿ, 4 ಡಿಗ್ರಿಯಲ್ಲಿ ಇಡುವುದು. ಹಳ್ಳಿ ಕ್ಯಾಂಪಿನಿಂದ ಬರುವ ರಕ್ತ ಹೊರಗೆ ಬಿಸಿಲಲ್ಲಿ ಉಳಿದರೆ ಮೊದಲು ಸಾಯುವುದು ಗ್ರ್ಯಾನುಲೋಸೈಟ್‌ಗಳು (ನ್ಯೂಟ್ರೋಫಿಲ್ ಸೇರಿದ ಬಿಳಿ ಕಣಗಳ ಗುಂಪು). ಕ್ಯಾಂಪಿನ ಸ್ಯಾಂಪಲ್ಲೆಲ್ಲ ಒಂದು ಥರ, ಆಸ್ಪತ್ರೆಯದ್ದೆಲ್ಲ ಇನ್ನೊಂದು ಥರ ಆಗಿಬಿಟ್ಟರೆ ಆಮೇಲೆ ಯಾವ ಲೆಕ್ಕಾಚಾರದಿಂದಲೂ ಅದನ್ನು ಬಿಡಿಸಲಾಗುವುದಿಲ್ಲ.

ಬೈಸಲ್ಫೈಟ್ ಹಂತ

ಚಿಪ್ ಮಿಥೈಲನ್ನು ನೇರವಾಗಿ ನೋಡುವುದಿಲ್ಲ. ಬೈಸಲ್ಫೈಟ್ ಎಂಬ ರಾಸಾಯನಿಕ ಹಾಕಿದಾಗ ಮಿಥೈಲ್ ಇಲ್ಲದ ಸಿ ಯುರಾಸಿಲ್ ಆಗುತ್ತದೆ, ಮಿಥೈಲ್ ಇರುವುದು ಸಿ ಆಗಿಯೇ ಉಳಿಯುತ್ತದೆ. ಚಿಪ್ ಈ ವ್ಯತ್ಯಾಸ ಓದುತ್ತದೆ. ಪರಿವರ್ತನೆ ಅರ್ಧಂಬರ್ಧ ಆದರೆ ಎಲ್ಲ ಕಡೆ ಸುಳ್ಳು ಮಿಥೈಲ್ ಕಾಣುತ್ತದೆ.

ಡಿಎನ್‌ಎ 250 ನ್ಯಾನೋಗ್ರಾಂ ಇದ್ದರೂ ನಡೆಯುತ್ತದೆ, 500 ಇದ್ದರೆ ನಿಶ್ಚಿಂತೆ. ಅಳೆಯುವುದು ಡಿಎನ್‌ಎಗೆ ಮಾತ್ರ ಹೊಳೆಯುವ ಬಣ್ಣ ಬಳಸುವ ಕ್ಯೂಬಿಟ್ ಅಥವಾ ಪಿಕೋಗ್ರೀನ್‌ನಲ್ಲಿ. ನ್ಯಾನೋಡ್ರಾಪ್ ಆರ್‌ಎನ್‌ಎಯನ್ನೂ ಸೇರಿಸಿ ಎಣಿಸುವುದರಿಂದ 500 ಎಂದು ಹಾಕಿದ್ದು ನಿಜದಲ್ಲಿ 200 ಆಗಿರಬಹುದು. ಝೈಮೋ ಕಂಪನಿಯ ಇಝಡ್ ಡಿಎನ್‌ಎ ಮಿಥೈಲೇಷನ್ ಕಿಟ್ ಬಳಸುವವರು ಅದರ ಮಾಮೂಲಿ ಪ್ರೋಗ್ರಾಂ ಬಿಟ್ಟು ಇನ್ಫಿನಿಯಂಗೆ ಹೇಳಿರುವುದನ್ನೇ ಹಾಕಬೇಕು: 95 ಡಿಗ್ರಿಯಲ್ಲಿ 30 ಸೆಕೆಂಡ್, 50 ಡಿಗ್ರಿಯಲ್ಲಿ 60 ನಿಮಿಷ, ಹೀಗೆ 16 ಸುತ್ತು. ಸಂಜೆ ಹಾಕಿದರೆ ಬೆಳಗ್ಗೆ ಸಿಗುತ್ತದೆ. ಕಿಟ್‌ನ ಸಿಟಿ ದ್ರಾವಣ (ಬೈಸಲ್ಫೈಟ್ ಇರುವುದು ಇದರಲ್ಲೇ) ಬೆಳಕು ಸಹಿಸುವುದಿಲ್ಲ, ಆಗಾಗ ಹೊಸದಾಗಿ ಮಾಡಿಕೊಳ್ಳಿ. ಕಾಲಂ ಮೇಲೆ ಡಿಸಲ್ಫೋನೇಷನ್ ಬಫರ್ 15ರಿಂದ 20 ನಿಮಿಷ. ಒಬ್ಬರೇ 96 ಬಾವಿಯ ಪ್ಲೇಟ್ ಮಾಡುವಾಗ ಮೊದಲ ಸಾಲಿಗೂ ಕೊನೆ ಸಾಲಿಗೂ ಈ ಸಮಯ ಬೇರೆಯಾಗಿ ಡಿಎನ್‌ಎ ಮುರಿಯುತ್ತದೆ, ಮಲ್ಟಿಚಾನೆಲ್ ಪಿಪೆಟ್ ಇಲ್ಲದೆ ಈ ಕೆಲಸಕ್ಕೆ ಇಳಿಯಬೇಡಿ.

ಪರಿವರ್ತನೆಯಾದ ಡಿಎನ್‌ಎಯನ್ನು ಮತ್ತೆ ಜೋಡಿ-ಎಳೆ ಕ್ಯೂಬಿಟ್ ಕಿಟ್‌ನಲ್ಲಿ ಅಳೆದು ಏನೂ ಇಲ್ಲವೆಂದು ಗಾಬರಿಪಡುವವರು ಬಹಳ ಮಂದಿ. ಅದೀಗ ಒಂಟಿ ಎಳೆ. ಒಂಟಿ ಎಳೆಯದ್ದೇ ಕಿಟ್ ಬಳಸಬೇಕು.

ನಾಲ್ಕು ದಿನದ ಕೆಲಸ

ಬೈಸಲ್ಫೈಟ್ ಒಂದು ರಾತ್ರಿ, 37 ಡಿಗ್ರಿಯಲ್ಲಿ ವೃದ್ಧಿ 20ರಿಂದ 24 ತಾಸು, ಮರುದಿನ ತುಂಡರಿಸುವುದು, ಒತ್ತರಿಸುವುದು (ಡಿಎನ್‌ಎಯನ್ನು ದ್ರಾವಣದಿಂದ ಬೇರ್ಪಡಿಸಿ ತಳಕ್ಕೆ ಇಳಿಸುವುದು), ಮತ್ತೆ ಕರಗಿಸುವುದು, ಆ ರಾತ್ರಿ 48 ಡಿಗ್ರಿಯಲ್ಲಿ ಚಿಪ್ ಮೇಲೆ ಹೈಬ್ರಿಡೈಸೇಷನ್ (ಸ್ಯಾಂಪಲ್‌ನ ಡಿಎನ್‌ಎ ಚಿಪ್‌ಗೆ ಅಂಟಿಕೊಳ್ಳುವುದು) 16ರಿಂದ 24 ತಾಸು, ನಾಲ್ಕನೇ ದಿನ ತೊಳೆದು ಬಣ್ಣ ಹಾಕಿ ಐಸ್ಕ್ಯಾನ್ ಎಂಬ ಸ್ಕ್ಯಾನರ್ ಯಂತ್ರಕ್ಕೆ.

ಇದರಲ್ಲಿ ಅತಿ ಹೆಚ್ಚು ಸ್ಯಾಂಪಲ್ ಹಾಳಾಗುವುದು ಒತ್ತರಿಸುವ ಹಂತದಲ್ಲಿ. ಪಿಎಂ1 ದ್ರಾವಣಕ್ಕೆ ನೀಲಿ ಬಣ್ಣ ಹಾಕಿರುತ್ತಾರೆ. ಐಸೋಪ್ರೊಪನಾಲ್ ಸೇರಿಸಿ ಪ್ಲೇಟನ್ನು ತಲೆಕೆಳಗು ಮಾಡಿ ಮಾಡಿ ಬೆರೆಸಬೇಕು, ನೀಲಿ ಒಂದೇ ಸಮ ಆಗುವವರೆಗೂ ಬಿಡಬಾರದು. ಸೆಂಟ್ರಿಫ್ಯೂಜ್ ಆದ ಮೇಲೆ ಬಾವಿಯ ತಳದಲ್ಲಿ ನೀಲಿ ಚುಕ್ಕೆ ಕೂತಿರುತ್ತದೆ, ಅದೇ ನಿಮ್ಮ ಡಿಎನ್‌ಎ. ಯಂತ್ರ ನಿಂತ ಕೂಡಲೇ ಪ್ಲೇಟ್ ತೆಗೆದು ಒಂದೇ ಸಲಕ್ಕೆ ಬೋರಲು ಹಾಕಿ ದ್ರವ ಚೆಲ್ಲಬೇಕು. ಫೋನ್ ಬಂತೆಂದು ಹತ್ತು ನಿಮಿಷ ಬಿಟ್ಟರೆ ಚುಕ್ಕೆ ಸಡಿಲವಾಗಿ ದ್ರವದ ಜತೆ ಹೊರಟುಹೋಗುತ್ತದೆ. ಚುಕ್ಕೆ ಕಾಣದ ಬಾವಿಯನ್ನು ಬರೆದಿಟ್ಟುಕೊಳ್ಳಿ, ಅದನ್ನು ಚಿಪ್‌ಗೆ ಹಾಕಿ ದುಡ್ಡು ದಂಡ ಮಾಡಬೇಡಿ. ಒಣಗಿಸುವುದು ಕೋಣೆಯ ಉಷ್ಣಾಂಶದಲ್ಲಿ ಒಂದು ತಾಸು. ಹೆಚ್ಚು ಒಣಗಿದರೆ ಚುಕ್ಕೆ ಗಟ್ಟಿಯಾಗಿ ಮರುಕರಗುವುದಿಲ್ಲ, ಸಿಗ್ನಲ್ ಬಡವಾಗುತ್ತದೆ. ಬೇಸಗೆಯಲ್ಲಿ ಎಸಿ ಗಾಳಿ ನೇರ ಪ್ಲೇಟ್ ಮೇಲೆ ಬೀಳುವ ಲ್ಯಾಬ್‌ಗಳಲ್ಲಿ ಒಂದು ತಾಸು ಮುಗಿಯುವ ಮೊದಲೇ ನೋಡಿಕೊಳ್ಳಿ.

ಕೊನೆಯ ಹಂತದ ಕೆಂಪು ಬಣ್ಣ ಓಝೋನ್‌ಗೆ ಬೇಗ ಮಾಸುತ್ತದೆ. ಲೇಸರ್ ಪ್ರಿಂಟರ್, ಗಾಳಿ ಶುದ್ಧೀಕರಿಸುವ ಕೆಲವು ಯಂತ್ರಗಳು ಓಝೋನ್ ಬಿಡುತ್ತವೆ, ಸ್ಕ್ಯಾನರ್ ಕೋಣೆಯಲ್ಲಿ ಇವಕ್ಕೆ ಜಾಗ ಬೇಡ. ಬಣ್ಣ ಹಾಕಿದ ಚಿಪ್ ಕತ್ತಲಲ್ಲಿಟ್ಟು ಆದಷ್ಟು ಬೇಗ ಸ್ಕ್ಯಾನ್ ಮಾಡಿ.

ಯಾವ ಸ್ಯಾಂಪಲ್ ಎಲ್ಲಿ ಎಂಬುದೇ ಅರ್ಧ ಕೆಲಸ. ಒಂದು ಪ್ಲೇಟ್‌ಗೆ 12 ಚಿಪ್, ಪ್ರತಿ ಚಿಪ್‌ನಲ್ಲಿ 8 ಸಾಲು. ಚಿಪ್‌ನಿಂದ ಚಿಪ್‌ಗೂ ಸಾಲಿನಿಂದ ಸಾಲಿಗೂ ಓದು ಸ್ವಲ್ಪ ಸ್ವಲ್ಪ ಬದಲಾಗುತ್ತದೆ. ರೋಗಿಗಳನ್ನೆಲ್ಲ ಮೊದಲ ಚಿಪ್‌ಗಳಲ್ಲಿ, ಆರೋಗ್ಯವಂತರನ್ನು ಕೊನೆಯವುಗಳಲ್ಲಿ ಹಾಕಿದರೆ ಕಾಯಿಲೆಯ ವ್ಯತ್ಯಾಸವೂ ಚಿಪ್‌ನ ವ್ಯತ್ಯಾಸವೂ ಒಂದೇ ಆಗಿಬಿಡುತ್ತದೆ. ಆಮೇಲೆ ಚಿಪ್‌ಗಳ ನಡುವಿನ ವ್ಯತ್ಯಾಸ ಸರಿಪಡಿಸುವ ಕಾಂಬ್ಯಾಟ್ ಪ್ರೋಗ್ರಾಂ ಓಡಿಸಿದರೆ ಇರುವ ನಂಟು ಅಳಿಸಿಹೋಗಬಹುದು, ಇಲ್ಲದ ನಂಟು ಹುಟ್ಟಿಕೊಳ್ಳಲೂಬಹುದು. ಪ್ರತಿ ಚಿಪ್‌ನಲ್ಲೂ ನಾಲ್ಕು ರೋಗಿ, ನಾಲ್ಕು ಆರೋಗ್ಯವಂತರು, ಗಂಡು-ಹೆಣ್ಣು ಬೆರೆತು, ಸಾಲುಗಳಲ್ಲಿ ಚೀಟಿ ಎತ್ತಿದಂತೆ ಹಂಚಿ. ಎಲ್ಲ ಪ್ಲೇಟ್‌ಗಳಲ್ಲೂ ಒಂದೇ ಕಂಟ್ರೋಲ್ ಡಿಎನ್‌ಎ, ಜತೆಗೆ ಎರಡು ಮೂರು ಜೋಡಿ ಸ್ಯಾಂಪಲ್ (ಒಂದೇ ಡಿಎನ್‌ಎ ಎರಡು ಸಲ ಹಾಕಿದ್ದು) ಇರಲೇಬೇಕು.

ವರ್ಷನ್ 2ರ ದೊಡ್ಡ ಕಿರಿಕಿರಿ

ಮೊದಲ ಎಪಿಕ್‌ನ ಪ್ರೋಬ್‌ಗಳಲ್ಲಿ (ಒಂದೊಂದು ಸಿಪಿಜಿ ಓದಲು ಚಿಪ್ ಮೇಲಿಟ್ಟ ಡಿಎನ್‌ಎ ತುಣುಕುಗಳಲ್ಲಿ) ಸುಮಾರು 7.2 ಲಕ್ಷ ಮಾತ್ರ ಇದರಲ್ಲಿ ಉಳಿದಿವೆ. ತೆಗೆದದ್ದು ಹೆಚ್ಚಾಗಿ ಸರಿಯಾಗಿ ಕೆಲಸ ಮಾಡದವು, ಹಾಗಾಗಿ ಒಟ್ಟಿನಲ್ಲಿ ಒಳ್ಳೆಯದೇ ಆಗಿದೆ. ಆದರೆ ಹಳೇ ಚಿಪ್ ಮೇಲೆ ಕಟ್ಟಿದ ಕಿಡ್ನಿ ಸ್ಕೋರ್ (ಹಲವು ಸಿಪಿಜಿಗಳಿಗೆ ತೂಕ ಕೊಟ್ಟು ಕೂಡಿಸಿದ ಅಪಾಯದ ಅಂಕ) ಇಲ್ಲಿ ಹಾಕುವಾಗ ಅದರ ಕೆಲವು ಸಿಪಿಜಿ ಇಲ್ಲದೇ ಹೋಗಬಹುದು. 37 ಸಿಪಿಜಿಯ ಸ್ಕೋರ್‌ನಲ್ಲಿ ನಾಲ್ಕು ಕಾಣೆಯಾದರೆ ಅವುಗಳ ಜಾಗಕ್ಕೆ ಸರಾಸರಿ ತುಂಬಿ ಮುಂದೆ ಹೋಗುವವರಿದ್ದಾರೆ. ತೂಕ ಜಾಸ್ತಿಯಿರುವ ಸಿಪಿಜಿಯೇ ಕಾಣೆಯಾಗಿದ್ದರೆ ಆ ಸ್ಕೋರ್‌ಗೆ ಅರ್ಥವೇ ಉಳಿಯುವುದಿಲ್ಲ. ಖರೀದಿಗೆ ಮುಂಚೆಯೇ ಪಟ್ಟಿ ತಾಳೆ ನೋಡಿ.

ಇನ್ನೊಂದು, ಹೆಸರುಗಳು. ಹಿಂದೆ ಸಿಜಿ19693031 ಎಂದಷ್ಟೇ ಇರುತ್ತಿದ್ದ ಪ್ರೋಬ್ ಹೆಸರಿನ ಕೊನೆಗೆ ಈಗ ನಾಲ್ಕು ಅಕ್ಷರದ ಬಾಲ ಬಂದಿದೆ: ಯಾವ ಎಳೆ, ಪರಿವರ್ತನೆಯ ಯಾವ ಕಡೆ, ಒಂದನೇ ಬಗೆಯ ಪ್ರೋಬೋ ಎರಡನೆಯದೋ, ಎಷ್ಟನೇ ಪ್ರತಿ. ಒಂದೇ ಸಿಪಿಜಿಗೆ ಎರಡು ಮೂರು ಪ್ರೋಬ್ ಇರುವುದೂ ಉಂಟು. ಹಳೇ ಕೋಡ್ ಹಾಗೇ ಓಡಿಸಿದರೆ ಒಂದೂ ಹೆಸರು ಹೊಂದುವುದಿಲ್ಲ. ಬಾಲ ಕತ್ತರಿಸಿದರೆ ಒಂದೇ ಹೆಸರಿನ ಸಾಲುಗಳು ಉಳಿಯುತ್ತವೆ. ಅವುಗಳ ಸರಾಸರಿ ತೆಗೆದುಕೊಳ್ಳುತ್ತೀರೋ, ಉತ್ತಮವಾದದ್ದನ್ನು ಆರಿಸುತ್ತೀರೋ ಮೊದಲೇ ನಿರ್ಧರಿಸಿ ಬರೆದಿಡಿ. ಜೀನೋಮ್ ನಕ್ಷೆಯೂ ಎಚ್‌ಜಿ38 ಎಂಬ ಹೊಸ ಆವೃತ್ತಿಗೆ ಬದಲಾಗಿದೆ. ಒಂದೇ ಅಧ್ಯಯನದಲ್ಲಿ ಅರ್ಧ ವರ್ಷನ್ 1, ಅರ್ಧ ವರ್ಷನ್ 2 ಮಾಡಲೇಬೇಕಾದರೆ ಕೆಲವು ಮಂದಿಯ ಡಿಎನ್‌ಎ ಎರಡರಲ್ಲೂ ಓಡಿಸಿ.

ದತ್ತಾಂಶ ಶುದ್ಧೀಕರಣಕ್ಕೆ ಆರ್ ಭಾಷೆಯ ಸೆಸಮಿ ಅಥವಾ ಮಿನ್‌ಫಿ ಎರಡೂ ನಡೆಯುತ್ತವೆ, ವರ್ಷನ್ 2ಕ್ಕೆ ನಾವು ಸೆಸಮಿಯ ಕಡೆ. ಅದರ ಜಿಸಿಟಿ ಅಂಕ 1ರ ಹತ್ತಿರ ಇದ್ದರೆ ಬೈಸಲ್ಫೈಟ್ ಸರಿಯಾಗಿದೆ, ಮೇಲೆ ಹೋದಷ್ಟೂ ಪರಿವರ್ತನೆ ಅಪೂರ್ಣ. ಎಕ್ಸ್, ವೈ ಕ್ರೋಮೋಸೋಮಿನ ಸಿಗ್ನಲ್‌ನಿಂದ ಗಂಡೋ ಹೆಣ್ಣೋ ನೋಡಿ, ಕಾಗದದಲ್ಲಿರುವುದಕ್ಕೆ ಹೊಂದದಿದ್ದರೆ ಟ್ಯೂಬ್ ಅದಲುಬದಲಾಗಿದೆ ಎಂದೇ ಹಿಡಿಯಿರಿ. ಒಂದೊಂದೇ ಸಿಪಿಜಿ ಪರೀಕ್ಷಿಸುವಾಗ ನಂಟು ಆಕಸ್ಮಿಕವಲ್ಲ ಎನ್ನಲು ಎಪಿಕ್‌ಗೆ ರೂಢಿಯಲ್ಲಿರುವ ಪಿ-ಮೌಲ್ಯದ ಗಡಿ 9×10⁻⁸.

ನಮ್ಮ ಜನಕ್ಕೆ ಸಂಬಂಧಿಸಿದ್ದು ಇಲ್ಲೊಂದಿದೆ. ಸಿಪಿಜಿ ಜಾಗದಲ್ಲೇ ಹುಟ್ಟಿನಿಂದ ಸಿ ಬದಲು ಟಿ ಇರುವವರಿಗೆ ಚಿಪ್ "ಮಿಥೈಲ್ ಇಲ್ಲ" ಎಂದು ತೋರಿಸುತ್ತದೆ. ಪ್ರೋಬ್ ಕೈಬಿಡುವ ಪಟ್ಟಿ ಯೂರೋಪಿನವರ ರೂಪಾಂತರಗಳನ್ನಷ್ಟೇ ನೋಡಿ ಮಾಡಿದ್ದಾದರೆ ದಕ್ಷಿಣ ಏಷ್ಯಾದವರದ್ದು ಅದರಲ್ಲಿ ತಪ್ಪಿಹೋಗುತ್ತದೆ. 1000 ಜೀನೋಮ್ಸ್ ಎಂಬ ಮುಕ್ತ ದತ್ತಾಂಶದಲ್ಲಿ ದಕ್ಷಿಣ ಏಷ್ಯಾ ಗುಂಪಿನಲ್ಲಿ ಯಾವ ರೂಪಾಂತರ ಎಷ್ಟಿದೆ ಎಂದು ನೋಡಿ ಪಟ್ಟಿಯನ್ನು ನೀವೇ ಮಾಡಿಕೊಳ್ಳಿ. ಮುಖ್ಯವೆನಿಸಿದ ಪ್ರತಿ ಸಿಪಿಜಿಯ ಬೀಟಾಗಳನ್ನು ಚಿತ್ರ ಬರೆದು ಕಣ್ಣಲ್ಲಿ ನೋಡಿ. 0, 0.5, 1ರ ಸುತ್ತ ಮೂರು ಗುಂಪಾಗಿ ಚುಕ್ಕೆಗಳು ಬಿದ್ದಿದ್ದರೆ ಅದು ವಂಶದಿಂದ ಬಂದ ಅಕ್ಷರ, ಸಕ್ಕರೆಯಿಂದಲೋ ಕಿಡ್ನಿಯಿಂದಲೋ ಬಂದ ಗುರುತಲ್ಲ. ಲಂಡನ್ನಿನ ಲೋಲಿಪಾಪ್ ಅಧ್ಯಯನ 2015ರಲ್ಲಿ ಭಾರತೀಯ ಮೂಲದವರಲ್ಲೂ ಯೂರೋಪಿನವರಲ್ಲೂ ಟಿಎಕ್ಸ್‌ಎನ್‌ಐಪಿ ಸೇರಿ ಐದು ಜೀನಿನ ಮಿಥೈಲ್ ಮುಂದೆ ಬರುವ ಟೈಪ್ 2 ಡಯಾಬಿಟಿಸ್ ಜತೆ ಹೊಂದುತ್ತದೆಂದು ತೋರಿಸಿತು. ಅಂದರೆ ಗುರುತುಗಳು ನಮ್ಮವರಲ್ಲಿ ಕೆಲಸ ಮಾಡುವುದಿಲ್ಲ ಎಂದೇನಿಲ್ಲ. ಕಿಡ್ನಿ ಸ್ಕೋರನ್ನು ನಮ್ಮವರ ಮೇಲೆ ಮತ್ತೆ ಹದಗೊಳಿಸದೆ ಬಳಸಬಾರದು, ಅಷ್ಟೇ.

ಕಾರಣ ಯಾವುದು, ಪರಿಣಾಮ ಯಾವುದು

ಇಜಿಎಫ್‌ಆರ್ ಸೂತ್ರದ ಒಳಗೇ ವಯಸ್ಸಿದೆ, ಲಿಂಗವಿದೆ. ಮಿಥೈಲ್ ಕೂಡ ವಯಸ್ಸಿನ ಜತೆ ಬದಲಾಗುತ್ತದೆ. ಎರಡಕ್ಕೂ ನಂಟು ಸಿಕ್ಕಿತೆಂದರೆ ಅದರಲ್ಲಿ ಎಷ್ಟು ಪಾಲು ವಯಸ್ಸಿನದ್ದು ಎಂದು ಕೇಳಲೇಬೇಕು. ಇಜಿಎಫ್‌ಆರ್ ಲೆಕ್ಕಕ್ಕೆ ಸಾಮಾನ್ಯವಾಗಿ ಬಳಸುವ ರಕ್ತದ ಕ್ರಿಯೇಟಿನಿನ್ ಮಾಂಸಖಂಡದಿಂದ ಬರುವುದರಿಂದ, ಮೈಯಲ್ಲಿ ಮಾಂಸ ಕಡಿಮೆಯಿರುವ ವಯಸ್ಸಾದವರಲ್ಲಿ ಇಜಿಎಫ್‌ಆರ್ ಇರುವುದಕ್ಕಿಂತ ಚೆನ್ನಾಗಿ ಕಾಣುತ್ತದೆ. ಅಧ್ಯಯನ ಮಾಡುವವರು ಇಜಿಎಫ್‌ಆರ್ ಲೆಕ್ಕ ಹಾಕಬಹುದಾದ ಇನ್ನೊಂದು ಪರೀಕ್ಷೆ ಸಿಸ್ಟಾಟಿನ್ ಸಿ ಕೂಡ ಮಾಡಿಸಿ, ಎರಡೂ ಸೂತ್ರದಲ್ಲಿ ಉಳಿದ ಸಿಪಿಜಿಗಳನ್ನಷ್ಟೇ ನಂಬುವುದು ಉತ್ತಮ. ಜತೆಗೆ ಕಿಡ್ನಿ ಸೋತು ಯೂರಿಯಾ ಮುಂತಾದವು ಏರಿದಾಗ ಬಿಳಿ ಕಣಗಳ ಮಿಥೈಲ್ ಬದಲಾಗಿರಲೂಬಹುದು, ಆಗ ಗುರುತು ಕಾಯಿಲೆಯ ಹಿಂದೆ ಬಂದದ್ದು. 2021ರ ದೊಡ್ಡ ಅಧ್ಯಯನದಲ್ಲಿ ಕಿಡ್ನಿಯ ಮೇಲೆ ಪರಿಣಾಮ ಬೀರುವ ಸೂಚನೆ ಸಿಕ್ಕಿದ್ದು ಪಿಎಚ್‌ಆರ್‌ಎಫ್1, ಎಲ್‌ಡಿಬಿ2, ಸಿಎಸ್‌ಆರ್‌ಎನ್‌ಪಿ1, ಐಆರ್‌ಎಫ್5 ಎಂಬ ನಾಲ್ಕು ಜೀನುಗಳ ಕಡೆ.

ಇದೇ ಗೊಂದಲ "ಜೈವಿಕ ವಯಸ್ಸು" ಹೇಳುವ ಲೆಕ್ಕಗಳಲ್ಲೂ ಇದೆ. 2019ರ ಗ್ರಿಮ್‌ಏಜ್ ಲೆಕ್ಕದ ಒಳಗೆ ಮಿಥೈಲ್‌ನಿಂದ ಅಂದಾಜು ಮಾಡಿದ ಕೆಲವು ಪ್ರೋಟೀನುಗಳಿವೆ, ಅವುಗಳಲ್ಲಿ ಸಿಸ್ಟಾಟಿನ್ ಸಿ ಒಂದು, ಬೀಟಾ-2 ಮೈಕ್ರೋಗ್ಲೋಬ್ಯುಲಿನ್ ಇನ್ನೊಂದು. ಎರಡೂ ಕಿಡ್ನಿ ಸೋಸುವುದು ಕಡಿಮೆಯಾದಾಗ ರಕ್ತದಲ್ಲಿ ಏರುವಂಥವು. ಗ್ರಿಮ್‌ಏಜ್ ಹೆಚ್ಚಿದ್ದವರಿಗೆ ಕಿಡ್ನಿ ತೊಂದರೆ ಹೆಚ್ಚು ಎಂದರೆ, ಕಿಡ್ನಿಯ ಸುದ್ದಿಯನ್ನು ಒಂದಷ್ಟು ಒಳಗಿಟ್ಟು ಹೊರಗೆ ತೆಗೆದಂತೆಯೇ ಆಯಿತು. ಇನ್ನು ಒಬ್ಬ ವ್ಯಕ್ತಿಯ ಮಟ್ಟದಲ್ಲಿ ಈ ಲೆಕ್ಕಗಳು ಅಲುಗಾಡುತ್ತವೆ. ಒಂದೇ ರಕ್ತವನ್ನು ಎರಡು ಸಲ ಓದಿದಾಗ ಹೆಸರಾಂತ ಆರು "ಗಡಿಯಾರ"ಗಳಲ್ಲಿ (ಮಿಥೈಲ್‌ನಿಂದ ವಯಸ್ಸು ಹೇಳುವ ಲೆಕ್ಕಗಳಲ್ಲಿ) 9 ವರ್ಷದವರೆಗೂ ಅಂತರ ಬರಬಹುದೆಂದು 2022ರ ನೇಚರ್ ಏಜಿಂಗ್ ಲೇಖನ ತೋರಿಸಿದೆ. ಪ್ರೋಬ್‌ಗಳ ಗದ್ದಲವನ್ನು ಪ್ರಿನ್ಸಿಪಲ್ ಕಾಂಪೊನೆಂಟ್ ವಿಧಾನದಿಂದ (ಒಟ್ಟಿಗೆ ಬದಲಾಗುವ ಸಿಪಿಜಿಗಳನ್ನು ಸೇರಿಸಿ ನೋಡುವುದರಿಂದ) ತಗ್ಗಿಸುವ ದಾರಿಯೂ ಅದೇ ಲೇಖನದಲ್ಲಿದೆ. ಕಿಡ್ನಿ ಸ್ಕೋರ್ ಕಟ್ಟುವವರು ಅದನ್ನೇ ಅನುಸರಿಸಬೇಕು.

ಎದುರಾಳಿ ಬಲವಾಗಿದೆ

ಬರೀ ವಯಸ್ಸು, ಇಜಿಎಫ್‌ಆರ್, ಆಲ್ಬುಮಿನ್, ಬಿಪಿ, ತೂಕ, ಸಿಗರೇಟು, ಹೃದಯದ ಇತಿಹಾಸ, ಸಕ್ಕರೆಯವರಿಗೆ ಎಚ್‌ಬಿಎ1ಸಿ ಮತ್ತು ಔಷಧಿ, ಇಂಥವುಗಳಿಂದಲೇ ಐದು ವರ್ಷದ ಅಪಾಯ ಹೇಳುವ ಸೂತ್ರಗಳನ್ನು 34 ಸಮೂಹಗಳ 50 ಲಕ್ಷಕ್ಕೂ ಹೆಚ್ಚು ಜನರ ಮೇಲೆ ಕಟ್ಟಿ 2019ರಲ್ಲಿ ಜಾಮಾ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ್ದಾರೆ. ಸಿ-ಅಂಕ (0.5 ಬಂದರೆ ಬರೀ ಊಹೆ, 1 ಬಂದರೆ ಪೂರ್ತಿ ಸರಿ) ಡಯಾಬಿಟಿಸ್ ಇಲ್ಲದವರಲ್ಲಿ 0.845, ಇರುವವರಲ್ಲಿ 0.801. ಇಜಿಎಫ್‌ಆರ್ 60ಕ್ಕಿಂತ ಇಳಿದವರಿಗೆ 2011ರ ಕಿಡ್ನಿ ಫೇಲ್ಯೂರ್ ರಿಸ್ಕ್ ಈಕ್ವೇಷನ್ ಇದೆ: ವಯಸ್ಸು, ಲಿಂಗ, ಇಜಿಎಫ್‌ಆರ್, ಆಲ್ಬುಮಿನ್ ಅನುಪಾತ, ನಾಲ್ಕೇ ಅಂಶ. ಮಿಥೈಲ್ ಸ್ಕೋರ್ ಮಾರುವವರು "ನಮ್ಮ ಎಯುಸಿ 0.80" ಎಂದರೆ (ಎಯುಸಿ ಕೂಡ ಸಿ-ಅಂಕದಂಥದ್ದೇ ಅಳತೆ) ಕೇಳಬೇಕಾದ ಪ್ರಶ್ನೆ, ಈ ಸೂತ್ರದ ಮೇಲೆ ಅದು ಎಷ್ಟು ಸೇರಿಸಿತು ಎಂಬುದು. ವಯಸ್ಸು ಮತ್ತು ಲಿಂಗಕ್ಕೆ ಮಾತ್ರ ಹೋಲಿಸಿದ್ದರೆ ಆ ಫಲಿತಾಂಶ ಪಕ್ಕಕ್ಕಿಡಿ.

ಲೆಕ್ಕಕ್ಕಾಗಿ ಹೀಗೆ ಇಟ್ಟುಕೊಳ್ಳಿ. ಸಕ್ಕರೆ ಕಾಯಿಲೆಯ 1,000 ಜನರಲ್ಲಿ ಐದು ವರ್ಷದೊಳಗೆ 50 ಮಂದಿಗೆ ಕಿಡ್ನಿ ಕಾಯಿಲೆ ಬರುತ್ತದೆ, ಪರೀಕ್ಷೆ ಎರಡೂ ಕಡೆ ನೂರಕ್ಕೆ 80 ಸರಿ. ಬರುವವರಲ್ಲಿ 40 ಮಂದಿ ಸಿಕ್ಕಿಬೀಳುತ್ತಾರೆ, 10 ಮಂದಿ ತಪ್ಪಿಸಿಕೊಳ್ಳುತ್ತಾರೆ. ಬರದ 950ರಲ್ಲಿ 190 ಮಂದಿಗೆ ಸುಳ್ಳು ಪಾಸಿಟಿವ್. ಒಟ್ಟು 230 ಮಂದಿಗೆ ಹೆದರಿಕೆ, ನಿಜವಾಗಿ ಕಾಯಿಲೆ ಬರುವುದು ಅವರಲ್ಲಿ ಆರಕ್ಕೆ ಒಬ್ಬರಷ್ಟು ಮಂದಿಗೆ.

ಮೂತ್ರದ ಆಲ್ಬುಮಿನ್-ಕ್ರಿಯೇಟಿನಿನ್ ಅನುಪಾತ ಕೆಲವು ನೂರು ರೂಪಾಯಿಯ ಪರೀಕ್ಷೆ. ಬೆಳಗಿನ ಮೊದಲ ಮೂತ್ರ ಕೊಡಬೇಕು. ಜ್ವರ, ಮೂತ್ರದ ಸೋಂಕು, ಮುಟ್ಟಿನ ದಿನ, ಹಿಂದಿನ ದಿನ ಭಾರೀ ವ್ಯಾಯಾಮ ಇದ್ದರೆ ಸುಳ್ಳಾಗಿ ಏರುತ್ತದೆ. ಒಂದು ಗ್ರಾಂ ಕ್ರಿಯೇಟಿನಿನ್‌ಗೆ 30 ಮಿಲಿಗ್ರಾಂ ಮುಟ್ಟಿದರೆ ಮೂರು ತಿಂಗಳು ಕಳೆದು ಮತ್ತೆ ನೋಡಿ ಖಚಿತಪಡಿಸಿಕೊಳ್ಳಬೇಕು. ಇದು ಬಂದರೆ ಏನು ಮಾಡಬೇಕೆಂಬುದೂ ಗೊತ್ತಿದೆ, ಔಷಧಿಯೂ ಇದೆ. ಮಿಥೈಲ್ ಸ್ಕೋರ್ ಏರಿದೆ ಎಂಬ ಒಂದೇ ಕಾರಣಕ್ಕೆ ಬೇರೆ ಚಿಕಿತ್ಸೆ ಕೊಡಬೇಕೆಂದು ಕಿಡ್ನಿ ವೈದ್ಯರು ಅನುಸರಿಸುವ ಕೆಡಿಗೋದ 2024ರ ಮಾರ್ಗಸೂಚಿಯೂ ಹೇಳುವುದಿಲ್ಲ. ಇಜಿಎಫ್‌ಆರ್ ಮತ್ತು ಈ ಅನುಪಾತ ಎರಡನ್ನೂ ಮಾಡಿಸದವರಿಗೆ ಯಾರಾದರೂ ಸಾವಿರಗಟ್ಟಲೆಯ ಎಪಿಜೆನೆಟಿಕ್ ಪ್ಯಾಕೇಜ್ ಮಾರುತ್ತಿದ್ದರೆ, ಅದನ್ನು ಅನ್ಯಾಯವೆಂದೇ ನಾವು ಕರೆಯುತ್ತೇವೆ.

ಯಾರು ಕೊಳ್ಳಬೇಕು

ವರ್ಷಗಟ್ಟಲೆ ಹಿಂಬಾಲಿಸಿದ ಜನರ ರಕ್ತ ಶೇಖರಿಸಿಟ್ಟಿರುವವರು ಧಾರಾಳವಾಗಿ ಕೊಳ್ಳಬಹುದು. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997-98ರಲ್ಲಿ ಗರ್ಭಿಣಿಯರನ್ನು ಸೇರಿಸಿಕೊಂಡು ಶುರುವಾದ ಪಾರ್ಥೆನಾನ್ ಅಧ್ಯಯನದಂಥ ಸಮೂಹಗಳಲ್ಲಿ, ಕಿಡ್ನಿ ಚೆನ್ನಾಗಿದ್ದಾಗಿನ ರಕ್ತವನ್ನು ಮುಂದಿನ ಇಜಿಎಫ್‌ಆರ್ ಜತೆ ಇಟ್ಟು ನೋಡುವಂಥ ಪ್ರಶ್ನೆಗೆ ಈ ಚಿಪ್ ಹೇಳಿ ಮಾಡಿಸಿದ್ದು. ಆಸ್ಪತ್ರೆಯಲ್ಲಿ ಈ ವರ್ಷ ಸಿಕ್ಕ 40 ರೋಗಿ, 40 ಆರೋಗ್ಯವಂತರ ಪಿಎಚ್‌ಡಿ ಯೋಜನೆಗೆ ಇದು ದುಡ್ಡು ದಂಡ. ಅಷ್ಟು ಸಣ್ಣ ಸಂಖ್ಯೆಯಲ್ಲಿ ನೂರಕ್ಕೆ ಒಂದೆರಡರ ವ್ಯತ್ಯಾಸ 9×10⁻⁸ರ ಗಡಿ ದಾಟುವುದು ಬಹುತೇಕ ಅಸಾಧ್ಯ. ಆ ದುಡ್ಡಲ್ಲಿ ಈಗಾಗಲೇ ಗೊತ್ತಿರುವ ಐದಾರು ಸಿಪಿಜಿಗಳನ್ನು ಪೈರೋಸೀಕ್ವೆನ್ಸಿಂಗ್‌ನಲ್ಲಿ (ಆರಿಸಿದ ಕೆಲವೇ ಜಾಗ ಓದುವ ವಿಧಾನದಲ್ಲಿ) ಹೆಚ್ಚು ಜನರಲ್ಲಿ ನೋಡಿದರೆ ಪ್ರಯೋಜನ ಜಾಸ್ತಿ.

ಸ್ವಂತ ಐಸ್ಕ್ಯಾನ್ ಇಲ್ಲದವರು ಸರ್ವಿಸ್ ಲ್ಯಾಬ್‌ಗೆ ಕೊಡುವಾಗ ಕರಾರಿನಲ್ಲಿ ಇವಿಷ್ಟನ್ನು ಬರೆಸಿಕೊಳ್ಳಿ: ಪ್ರತಿ ಸ್ಯಾಂಪಲ್‌ನ ಕೆಂಪು, ಹಸಿರು ಎರಡೂ ಐಡ್ಯಾಟ್ ಫೈಲು (ಸ್ಕ್ಯಾನರ್‌ನ ಕಚ್ಚಾ ದತ್ತಾಂಶ), ಚಿಪ್ ಸಂಖ್ಯೆ ಮತ್ತು ಸಾಲಿನ ಸಮೇತ ಪ್ಲೇಟ್ ನಕ್ಷೆ, ಕಂಟ್ರೋಲ್ ಪ್ರೋಬ್‌ಗಳ ವರದಿ, ಕಿಟ್‌ನ ಲಾಟ್ ಸಂಖ್ಯೆ, ಉಳಿದ ಡಿಎನ್‌ಎ ವಾಪಸ್. ಬೀಟಾಗಳ ಎಕ್ಸೆಲ್ ಹಾಳೆ ಮಾತ್ರ ಕೊಡುತ್ತೇವೆ ಎನ್ನುವವರಿಗೆ ಕೆಲಸ ಕೊಡಬೇಡಿ. ಪ್ಲೇಟ್ ನಕ್ಷೆ ನೀವೇ ಮಾಡಿ ಕಳಿಸಿ, ಟ್ಯೂಬ್ ಬಂದ ಕ್ರಮದಲ್ಲೇ ಹಾಕಲು ಬಿಡಬೇಡಿ. ಚಿಪ್ 2ರಿಂದ 8 ಡಿಗ್ರಿಯಲ್ಲಿ, ರಾಸಾಯನಿಕಗಳಲ್ಲಿ ಹೆಚ್ಚಿನವು ಮೈನಸ್ 20ರಲ್ಲಿ ಇರಬೇಕಾದ್ದರಿಂದ ಕಿಟ್ ಬಂದ ಪೆಟ್ಟಿಗೆಯ ಉಷ್ಣಾಂಶದ ದಾಖಲೆಯನ್ನೂ ಕೇಳಿ ಇಟ್ಟುಕೊಳ್ಳಿ. ಚಿಪ್‌ನಲ್ಲಿರುವ 65 ಎಸ್‌ಎನ್‌ಪಿ ಪ್ರೋಬ್‌ಗಳಿಂದ (ವಂಶದಿಂದ ಬಂದ ಡಿಎನ್‌ಎ ಅಕ್ಷರದ ವ್ಯತ್ಯಾಸ ಓದುವವುಗಳಿಂದ) ವ್ಯಕ್ತಿಯನ್ನು ಗುರುತಿಸಬಹುದು, ಹಾಗಾಗಿ ಒಪ್ಪಿಗೆ ಪತ್ರದಲ್ಲಿ ವಂಶವಾಹಿ ಮಾಹಿತಿ ಎಂದು ಸ್ಪಷ್ಟವಾಗಿ ಬರೆದಿರಬೇಕು. ದತ್ತಾಂಶ ಹಂಚಿಕೊಳ್ಳುವ ಮೊದಲು ಆ ಪ್ರೋಬ್‌ಗಳನ್ನು ತೆಗೆದುಬಿಡಿ.